ಮೊದಲು ತಾರೀಖು ಸರಿ ಮಾಡ್ರಿ

"ಇದರಾಗ ನಾ ಎಲ್ಲಿದ್ದೀನಿ ತಮ್ಮಾ?"

ಗೋರ್ಟಾ (ಬಿ) ಊರಿನ ಆಯಿಯೊಬ್ಬರು ನಮ್ಮ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಹೀಗೆ ಕೇಳಿದರು. ಪರದೆಯಲ್ಲಿ ಬಾಗಿಲು ಕಾಣುತ್ತಿತ್ತು. ಬಾಗಿಲಾಚೆ ಅಂಗಳದ ಬಿಸಿಲು ಕಾಣುತ್ತಿತ್ತು. ಹೊಸ್ತಿಲ ಹತ್ತಿರ ಸೆರಗು ಹೊದ್ದ ಒಂದು ಕಪ್ಪು ಆಕಾರ ಇತ್ತು. ಕಣ್ಣಿಲ್ಲ, ಮೂಗಿಲ್ಲ, ಹಣೆಯ ಮೇಲಿನ ವಿಭೂತಿಯೂ ಇಲ್ಲ.

ಅದು 2013ರ ಮೇ 9. ಕ್ಯಾಮೆರಾ ಕೊಂಡು ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ನಾವು ಎಷ್ಟು ಕಲಿತಿದ್ದೆವು ಎಂಬುದು ಆ ಒಂದೇ ಚಿತ್ರದಲ್ಲಿ ಗೊತ್ತಾಗುತ್ತಿತ್ತು.

ಈ ಬರಹದಲ್ಲಿ 'ನಾವು' ಎಂದರೆ ಇಬ್ಬರು. ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಮುಗಿಸಿದವರು. ಒಬ್ಬ ಬಸವಕಲ್ಯಾಣ ಕಡೆಯ ಸುದ್ದಿ ಕಳಿಸುತ್ತಿದ್ದ, ಇನ್ನೊಬ್ಬ ಹುಮನಾಬಾದ್ ಕಡೆಯದು. ಸಂಬಳ ಇರಲಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ಅಚ್ಚಾದ ಫೋಟೋಕ್ಕೆ ಇಷ್ಟು ಎಂದು ಲೆಕ್ಕ. ಬರೆಯುತ್ತಿರುವುದು ಒಬ್ಬನ ಕೈ. ಆದರೆ ಕ್ಯಾಮೆರಾ ಇಬ್ಬರದು, ಅದರಿಂದ ಆದ ತಪ್ಪುಗಳೂ ಇಬ್ಬರದು. ಯಾವ ತಪ್ಪು ಯಾರದು ಎಂದು ಇಲ್ಲಿ ಬರೆಯುವುದಿಲ್ಲ. ಆ ಜಗಳ ನಾವು ಆಗಲೇ ಆಡಿ ಮುಗಿಸಿದ್ದೇವೆ.

ಕ್ಯಾಮೆರಾ ಬರುವ ಮೊದಲು ಫೋಟೋ ಬೇಕೆಂದರೆ ಸ್ಟುಡಿಯೋದವರ ಕೈಕಾಲು ಹಿಡಿಯಬೇಕಿತ್ತು. ಅವರಿಗೆ ಲಗ್ನದ ಸೀಸನ್ ಇದ್ದರೆ ನಮ್ಮ ಸುದ್ದಿ ಫೋಟೋ ಇಲ್ಲದೆ ಹೋಗುತ್ತಿತ್ತು. ಫೋಟೋ ಇಲ್ಲದ ಸುದ್ದಿ ಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ.

2012ರ ದೀಪಾವಳಿ ಮುಗಿದ ಮೇಲೆ ಇಬ್ಬರೂ ಸೇರಿ 3,500 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಂಡೆವು. ಅಂಗಿ ಜೇಬಿನಲ್ಲಿ ಹಿಡಿಯುವಂಥದ್ದು. 10 ಮೆಗಾಪಿಕ್ಸೆಲ್. ಎರಡು ಪೆನ್ಸಿಲ್ ಸೆಲ್ ಮೇಲೆ ನಡೆಯುತ್ತಿತ್ತು. ಜೊತೆಗೆ 4 ಜಿಬಿಯ ಒಂದೇ ಒಂದು ಮೆಮೊರಿ ಕಾರ್ಡ್. ಒಂದು ವಾರ ಒಬ್ಬನ ಹತ್ತಿರ, ಮುಂದಿನ ವಾರ ಇನ್ನೊಬ್ಬನ ಹತ್ತಿರ. ಭಾನುವಾರ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಚಹಾ ಕುಡಿದು ಕೈ ಬದಲು ಮಾಡುತ್ತಿದ್ದೆವು. ದೊಡ್ಡ ಸುದ್ದಿ ಆದ ದಿನ ಕ್ಯಾಮೆರಾ ಯಾವಾಗಲೂ ಇನ್ನೊಂದು ತಾಲ್ಲೂಕಿನಲ್ಲೇ ಇರುತ್ತಿತ್ತು.

ಮೊದಲ ಪಾಠ ಸೆಲ್ಲಿನದು. ಕಿರಾಣಿ ಅಂಗಡಿಯಿಂದ ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ತಂದು ಹಾಕಿದೆವು. ಹತ್ತು ಹನ್ನೆರಡು ಫೋಟೋ ಆಗುವುದರೊಳಗೆ ಕ್ಯಾಮೆರಾ ಬಂದ್. ಹೊರಗೆ ಬಂದ ಲೆನ್ಸ್ ಒಳಗೆ ಹೋಗಲೇ ಇಲ್ಲ. 3,500 ರೂಪಾಯಿ ನೀರಿಗೆ ಹೋಯಿತು ಎಂದು ಎದೆ ಒಡೆದುಕೊಂಡೆವು. ಆದರೆ ಅದು ಕೆಟ್ಟಿರಲಿಲ್ಲ. ಗಡಿಯಾರ ಕರೆಂಟನ್ನು ಹನಿ ಹನಿಯಾಗಿ ಎಳೆಯುತ್ತದೆ, ಹಾಗಾಗಿ ಅದೇ ಸೆಲ್ ಅಲ್ಲಿ ವರ್ಷ ಬಾಳುತ್ತದೆ. ಕ್ಯಾಮೆರಾ ಲೆನ್ಸ್ ಹೊರಗೆ ತಳ್ಳುವಾಗ, ಫ್ಲ್ಯಾಷ್‌ಗೆ ಶಕ್ತಿ ತುಂಬಿಕೊಳ್ಳುವಾಗ ಒಮ್ಮೆಲೇ ಕೊಡಗಟ್ಟಲೆ ಎಳೆಯುತ್ತದೆ. ಅದಕ್ಕೆ ಚಾರ್ಜ್ ಮಾಡುವ ಸೆಲ್ಲೇ ಬೇಕು. ನಾಲ್ಕು ಸೆಲ್ ಮತ್ತು ಚಾರ್ಜರ್ ಕೊಂಡ ಮೇಲೆ ಆ ತೊಂದರೆ ಹೋಯಿತು.

ಎರಡನೆಯ ಪಾಠ ಬೆರಳಿನದು. ನಾವು ಗುಂಡಿಯನ್ನು ಬಾಗಿಲ ಬೆಲ್ ಒತ್ತಿದ ಹಾಗೆ ಒಮ್ಮೆಲೇ ಒತ್ತುತ್ತಿದ್ದೆವು. ಪತ್ರಿಕೆಯ ಡೆಸ್ಕಿನಿಂದ ಫೋನ್ ಬರುತ್ತಿತ್ತು: "ಮಸುಕಾಗಿದೆ, ಬೇರೆ ಕಳಿಸಿ." ಬೇರೆ ಎಲ್ಲಿಂದ ತರುವುದು? ಸಭೆ ಮುಗಿದಿರುತ್ತಿತ್ತು, ಮಂತ್ರಿಗಳ ಕಾರು ಹೋಗಿರುತ್ತಿತ್ತು. ಆಮೇಲೆ ಗೊತ್ತಾಯಿತು, ಗುಂಡಿಗೆ ಎರಡು ಹಂತ ಇದೆ. ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಎದುರಿನ ಮುಖದ ದೂರ ನೋಡಿಕೊಳ್ಳುತ್ತದೆ, ಬೆಳಕು ಅಳೆಯುತ್ತದೆ, ಪರದೆಯಲ್ಲಿ ಹಸಿರು ಚೌಕ ಮೂಡುತ್ತದೆ. ಆಗ ಪೂರ್ತಿ ಒತ್ತಬೇಕು. ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಟ್ಟು, ಮೆಲ್ಲಗೆ.

ಮೂರನೆಯದು ಜೂಮ್. ಪರದೆಯಲ್ಲಿ ಜೂಮ್ ಪಟ್ಟಿ ಎರಡು ಬಣ್ಣದಲ್ಲಿರುತ್ತಿತ್ತು. ಮೊದಲ ಭಾಗದಲ್ಲಿ ಲೆನ್ಸ್ ನಿಜವಾಗಿ ಮುಂದೆ ಸರಿಯುತ್ತದೆ. ಎರಡನೆಯ ಭಾಗದಲ್ಲಿ ಲೆನ್ಸ್ ಅಲ್ಲಾಡುವುದಿಲ್ಲ, ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸಿ ತೋರಿಸುತ್ತದೆ. ಹಿಟ್ಟು ಅಷ್ಟೇ ಇಟ್ಟು ರೊಟ್ಟಿ ದೊಡ್ಡದು ಬಡಿದಂತೆ, ನಡುವೆ ಹರಿಯುತ್ತದೆ. ಅದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುವುದು ಮೇಲು. ಮೆಗಾಪಿಕ್ಸೆಲ್ ಬಗ್ಗೆಯೂ ನಮಗೆ ಬಹಳ ಭ್ರಮೆ ಇತ್ತು. ಪತ್ರಿಕೆಯಲ್ಲಿ ಅಂಗೈ ಅಗಲದ ಫೋಟೋ ಚೆನ್ನಾಗಿ ಅಚ್ಚಾಗಲು ಅಡ್ಡಕ್ಕೆ ಸುಮಾರು ಒಂದು ಸಾವಿರ ಚುಕ್ಕೆ ಇದ್ದರೆ ಸಾಕು. ನಮ್ಮ ಹಳೆ ಡಬ್ಬಿಯಲ್ಲಿ ಅದಕ್ಕಿಂತ ಮೂರು ಪಟ್ಟು ಇತ್ತು. ಕೊರತೆ ಇದ್ದದ್ದು ಕ್ಯಾಮೆರಾದಲ್ಲಿ ಅಲ್ಲ.

ಇಷ್ಟು ಕಲಿತು ನಾವು ಗೋರ್ಟಾಕ್ಕೆ ಹೋದದ್ದು.

ಬೀದರ್ ಜಿಲ್ಲೆಯವರಿಗೆ ಗೋರ್ಟಾ ಹೆಸರು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇವೆ. 1947ರ ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾದರೂ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಉಳಿಯಿತು. ಭಾರತಕ್ಕೆ ಸೇರಬೇಕೆಂದು ಹಳ್ಳಿಹಳ್ಳಿಯಲ್ಲಿ ಜನ ತ್ರಿವರ್ಣ ಧ್ವಜ ಹಿಡಿದರು. ಅವರನ್ನು ಹತ್ತಿಕ್ಕಲು ಕಾಸಿಂ ರಜ್ವಿಯ ರಜಾಕಾರರು ಊರೂರಿಗೆ ನುಗ್ಗಿದರು. 1948ರ ಮೇ 9ರಂದು ಗೋರ್ಟಾದಲ್ಲಿ ಅವರು ಮಾಡಿದ ಹತ್ಯಾಕಾಂಡದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಹೇಳುತ್ತಾರೆ. ಜನ ಅದನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎನ್ನುತ್ತಾರೆ. ನಾಲ್ಕು ತಿಂಗಳ ನಂತರ, ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. 17ಕ್ಕೆ ನಿಜಾಮರು ಶರಣಾದರು. ಆ ಕಾರ್ಯಾಚರಣೆಯ ಹಿಂದೆಯೇ ಬೀದರ್, ಕಲಬುರಗಿ ಕಡೆ ಅಮಾಯಕ ಮುಸ್ಲಿಂ ಕುಟುಂಬಗಳ ಮೇಲೂ ಭೀಕರ ಹಿಂಸೆ ನಡೆಯಿತು ಎಂದು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ವರದಿ ಮಾಡಿತು. ಆ ವರ್ಷ ನಮ್ಮ ನೆಲದಲ್ಲಿ ಎಲ್ಲ ಕಡೆಯೂ ಅಳುವ ಮನೆಗಳಿದ್ದವು.

ಆಗ ನಮ್ಮ ಕಡೆ ಕ್ಯಾಮೆರಾವೇ ಇರಲಿಲ್ಲ ಎಂದಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಆರನೇ ನಿಜಾಮರಿಗೆ ಆಸ್ಥಾನ ಛಾಯಾಗ್ರಾಹಕ ಇದ್ದರು, ರಾಜಾ ದೀನದಯಾಳ್. ಅರಮನೆ, ದರಬಾರು, ಬೇಟೆ, ಆನೆ, ಅತಿಥಿಗಳು, ಎಲ್ಲದರ ಫೋಟೋ ಇವೆ. ಇವತ್ತಿಗೂ ನೋಡಬಹುದು. ಆದರೆ 1948ರ ಮೇ ತಿಂಗಳ ಗೋರ್ಟಾದ್ದು ಒಂದೇ ಒಂದು ಫೋಟೋ ನಾವು ಈವರೆಗೆ ನೋಡಿಲ್ಲ. ಸತ್ತವರ ಮುಖ ಇಲ್ಲ. ಸುಟ್ಟ ಮನೆ ಇಲ್ಲ. ಹಾಗಾಗಿಯೇ ಸತ್ತವರ ಲೆಕ್ಕವೂ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಕ್ಯಾಮೆರಾ ಅರಮನೆಯಲ್ಲಿತ್ತು, ನಮ್ಮ ಹೊಸ್ತಿಲಿಗೆ ಬಂದಿರಲಿಲ್ಲ.

65 ವರ್ಷದ ಮೇಲೆ ಅದು ನಮ್ಮ ಕೈಯಲ್ಲಿ ಬಂದಿತ್ತು. ಆ ದಿನ ಕಂಡವರು ಇನ್ನೂ ಕೆಲವರು ಇದ್ದರು. ಒಬ್ಬೊಬ್ಬರ ಮುಖ ತೆಗೆಯೋಣ, ಮಾತು ಬರೆಯೋಣ ಎಂದು ಹೊರಟಿದ್ದೆವು. ಮೊದಲ ಮನೆಯೇ ಆ ಆಯಿಯದು. 1948ರಲ್ಲಿ ಅವರು ಹತ್ತು ವರ್ಷದ ಹುಡುಗಿ. ಅವರ ಅಣ್ಣ ಆ ದಿನ ಮನೆಯಿಂದ ಹೋದವನು ತಿರುಗಿ ಬರಲಿಲ್ಲ.

ನಾವು ಅವರನ್ನು ಪಡಸಾಲೆಯ ಬಾಗಿಲಲ್ಲಿ ಕೂರಿಸಿ, ನಾವು ಒಳಗೆ ನಿಂತು ತೆಗೆದೆವು. ಹೊರಗಿನ ಬಿಸಿಲಿಗೆ ಕ್ಯಾಮೆರಾ ಕಣ್ಣು ಕಿರಿದು ಮಾಡಿಕೊಂಡಿತು, ಮುಖ ಕಪ್ಪಾಯಿತು. ಆಯಿ ನಕ್ಕರು.

"ಬ್ಯಾಳಿ ಹಸನ ಮಾಡೋ ಮುಂದ ಬೆಳಕಿಗೆ ಬೆನ್ನ ಹಚ್ಚಿ ಕೂಡ್ತಾರೇನು? ಹರಳ ಹ್ಯಾಂಗ ಕಾಣ್ತಾವ? ನೀವು ಬಾಗಲ ಕಡಿ ಹೋಗ್ರಿ. ನಾ ಒಳಗ ಕೂಡ್ತೀನಿ."

ತೊಗರಿ ಬೇಳೆ ಆರಿಸುವ ಜಾಗದಲ್ಲೇ, ಬಾಗಿಲ ಕಡೆ ಮುಖ ಮಾಡಿ, ಮರ ಇಲ್ಲದ ಬರಿಗೈಯನ್ನು ತೊಡೆಯ ಮೇಲಿಟ್ಟು ಕೂತರು. ನಾವು ಅಂಗಳಕ್ಕೆ ಹೋದೆವು. ಬಿಸಿಲು ಅವರ ಮೇಲೆ ನೇರವಾಗಿ ಬೀಳುತ್ತಿರಲಿಲ್ಲ. ಅಂಗಳದ ನೆಲಕ್ಕೆ ಬಡಿದು ಮೆತ್ತಗಾಗಿ ಒಳಗೆ ಹೋಗುತ್ತಿತ್ತು. ಅರ್ಧ ಒತ್ತಿದೆವು, ಹಸಿರು ಚೌಕ ಬಂತು, ಪೂರ್ತಿ ಒತ್ತಿದೆವು. ಪರದೆ ನೋಡಿ ನಾವಿಬ್ಬರೂ ಮಾತಾಡಲಿಲ್ಲ. ಹಣೆಯ ಗೆರೆ, ವಿಭೂತಿ, ಒಂದು ಕಣ್ಣಿನ ಪೊರೆ, ಎಲ್ಲ ಇತ್ತು. ಬೆಳಕಿನ ಬಗ್ಗೆ ಕಲಿತದ್ದು ಅದೇ ದಿನ. ಕಲಿಸಿದವರಿಗೆ ಕ್ಯಾಮೆರಾ ಎಂದರೆ ಏನೆಂದೇ ಗೊತ್ತಿರಲಿಲ್ಲ, ಬೇಳೆ ಗೊತ್ತಿತ್ತು.

ಆಯಿ ಒಂದೇ ಕೇಳಿದರು.

"ಇದನ್ನ ಕಾಗದದ ಮ್ಯಾಲ ತೆಗೆದು ಕೊಡ್ರಿ. ನಮ್ಮ ಅಣ್ಣಂದು ಒಂದೂ ಇಲ್ಲ. ಅವನ ಮಾರಿ ಹ್ಯಾಂಗಿತ್ತು ನೆನಪಿಗೆ ಬರವಲ್ದು. ರುಮಾಲ ಸುತ್ತೋದು ಅಷ್ಟ ನೆನಪೈತಿ."

ಮುಂದಿನ ವಾರ ತಂದು ಕೊಡುತ್ತೇವೆ ಎಂದು ಹೇಳಿ ಬಂದೆವು.

ಆಗ ನಮ್ಮಿಬ್ಬರ ಬಳಿಯೂ ಕಂಪ್ಯೂಟರ್ ಇರಲಿಲ್ಲ. ಫೋಟೋ ಇಳಿಸಲು ಸೈಬರ್ ಕೆಫೆಗೆ ಹೋಗಬೇಕು. ಬೇಕಾದ ಎರಡು ಫೋಟೋ ಮಾತ್ರ ಮೇಲ್ ಮಾಡಿ ಉಳಿದದ್ದನ್ನು ಕಾರ್ಡಿನಲ್ಲೇ ಬಿಡುತ್ತಿದ್ದೆವು. ಮೇ ತಿಂಗಳ ಆ ವಾರ ಕರೆಂಟ್ ಇರಲಿಲ್ಲ, ಗೋರ್ಟಾ ಸುದ್ದಿ ಫೋಟೋ ಇಲ್ಲದೆ ಹೋಯಿತು. ಭಾನುವಾರ ಬಂಗ್ಲಾದಲ್ಲಿ ಕ್ಯಾಮೆರಾ ಕೈ ಬದಲಾಯಿತು. ಜೂನ್‌ನಲ್ಲಿ ಒಂದು ದಿನ ನಮ್ಮಲ್ಲಿ ಒಬ್ಬ ಸುದ್ದಿಯ ಜಾಗದಲ್ಲಿ ನಿಂತಾಗ ಕ್ಯಾಮೆರಾ 'ಕಾರ್ಡ್ ತುಂಬಿದೆ' ಎಂದಿತು. ಜನ ಸೇರಿದ್ದರು, ಅವಸರ ಇತ್ತು. ಇನ್ನೊಬ್ಬ ಎಲ್ಲವನ್ನೂ ಇಳಿಸಿಕೊಂಡಿರುತ್ತಾನೆ ಎಂದು ತಿಳಿದು ಫಾರ್ಮ್ಯಾಟ್ ಒತ್ತಿದ.

ಇನ್ನೊಬ್ಬ ಇಳಿಸಿಕೊಂಡಿರಲಿಲ್ಲ.

ಹಳೆಯ ರೀಲಿನ ಕ್ಯಾಮೆರಾದಲ್ಲಿ 36 ಫೋಟೋ ಮಾತ್ರ ಬರುತ್ತಿದ್ದವು, ಆದರೆ ನೆಗೆಟಿವ್ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದರು. ಸುಮಾರು ಮೂರೂವರೆ ಕಿಲೋ ತೂಕದ ಪೆಟ್ಟಿಗೆ. ಅಡ್ಡ ನೂರು, ಉದ್ದ ನೂರು, ಒಟ್ಟು ಹತ್ತು ಸಾವಿರ ಚುಕ್ಕೆಯ ಕಪ್ಪು-ಬಿಳುಪು ಚಿತ್ರ. ಒಂದು ಚಿತ್ರ ಕ್ಯಾಸೆಟ್ ಟೇಪಿನಲ್ಲಿ ಕೂರಲು 23 ಸೆಕೆಂಡ್ ಬೇಕಿತ್ತು. ಅಂದಿನಿಂದ ಇಂದಿನವರೆಗೆ ಡಿಜಿಟಲ್ ಫೋಟೋ ಎಂದರೆ ಬರೀ ಅಂಕಿಗಳು. ಬರೆಯುವುದೂ ಸಲೀಸು, ಒರೆಸುವುದೂ ಸಲೀಸು.

ಬಹಳ ತಡವಾಗಿ ತಿಳಿದ ಒಂದು ಸಂಗತಿ ನಿಮಗೂ ಹೇಳುತ್ತೇವೆ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಒತ್ತಿದರೆ ಸಾಮಾನ್ಯವಾಗಿ ಚಿತ್ರಗಳು ಆ ಕ್ಷಣಕ್ಕೇ ಅಳಿಯುವುದಿಲ್ಲ. ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ಮಾತ್ರ ಖಾಲಿಯಾಗುತ್ತದೆ. ಪಹಣಿಯಲ್ಲಿ ಹೆಸರು ತೆಗೆದ ಹಾಗೆ. ಹೊಲ ಅಲ್ಲೇ ಇರುತ್ತದೆ. ಅದರ ಮೇಲೆ ಬೇರೆಯವರು ಬಿತ್ತುವವರೆಗೆ ಹಳೆಯ ಬೆಳೆ ವಾಪಸ್ ಸಿಗುವ ಸಾಧ್ಯತೆ ಇರುತ್ತದೆ. ತಪ್ಪಿ ಅಳಿಸಿದರೆ ತಕ್ಷಣ ಕಾರ್ಡ್ ಹೊರಗೆ ತೆಗೆಯಿರಿ, ಒಂದೂ ಹೊಸ ಫೋಟೋ ತೆಗೆಯಬೇಡಿ, ಕಂಪ್ಯೂಟರ್ ಗೊತ್ತಿದ್ದವರ ಕೈಗೆ ಕೊಡಿ. ಅದಕ್ಕೆಂದೇ ಸಾಫ್ಟ್‌ವೇರ್ ಇವೆ.

ನಮಗೆ ಗೊತ್ತಿರಲಿಲ್ಲ. ಅದೇ ಕಾರ್ಡಿನ ಮೇಲೆ ನೂರಾರು ಫೋಟೋ ಬಿತ್ತಿದ್ದೆವು.

ಆಮೇಲೆ ಗೋರ್ಟಾ ಕಡೆ ಹೋಗುವುದನ್ನೇ ಬಿಟ್ಟೆವು. ಅಲ್ಲಿಯ ಸುದ್ದಿ ಬಂದರೆ ಫೋನಿನಲ್ಲೇ ಕೇಳಿ ಬರೆಯುತ್ತಿದ್ದೆವು. ಒಬ್ಬರಿಗೊಬ್ಬರು "ಮುಂದಿನ ವಾರ ಹೋಗೋಣ" ಎನ್ನುತ್ತಲೇ ಹತ್ತು ತಿಂಗಳಾಯಿತು. ಆ ಹತ್ತು ತಿಂಗಳು ಕ್ಯಾಮೆರಾ ಹಿಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಚುಚ್ಚುತ್ತಿತ್ತು.

2014ರ ಮಾರ್ಚ್‌ನಲ್ಲಿ ಆಲಿಕಲ್ಲು ಮಳೆ ಬಿತ್ತು. ಉತ್ತರ ಕರ್ನಾಟಕಕ್ಕೂ ಪಕ್ಕದ ಮಹಾರಾಷ್ಟ್ರಕ್ಕೂ ಅದು ದೊಡ್ಡ ಹೊಡೆತ. ಕಡಲೆ, ಜೋಳ, ಗೋಧಿ ನೆಲಕ್ಕೆ ಒರಗಿದ್ದವು. ಹೊಲದ ಬದುವಿನಲ್ಲಿ ಆಲಿಕಲ್ಲು ಉಪ್ಪಿನ ಮೂಟೆ ಒಡೆದಂತೆ ಬಿದ್ದಿತ್ತು. ನಾವು ಊರಿಂದೂರಿಗೆ ಓಡಾಡಿ ಫೋಟೋ ತೆಗೆದೆವು. ಇಲ್ಲಿ ಇನ್ನೊಂದು ಪಾಠ ಆಯಿತು: ಆಲಿಕಲ್ಲಿನ ಬಿಳಿ ಹೊಲ ಫೋಟೋದಲ್ಲಿ ಬೂದಿಯ ಹಾಗೆ ಬಂತು. ಕ್ಯಾಮೆರಾಕ್ಕೆ ಎದುರಿಗಿರುವುದು ಏನೆಂದು ಗೊತ್ತಿಲ್ಲ. ಎಲ್ಲವೂ ನಡುಬಣ್ಣದ್ದು ಎಂದೇ ಅದು ಬೆಳಕು ಅಳೆಯುತ್ತದೆ. ಅದಕ್ಕೆ ಬಿಳಿ ಗೋಡೆಯನ್ನೂ ಬೂದಿ ಮಾಡುತ್ತದೆ, ಕರಿ ಎಮ್ಮೆಯನ್ನೂ ಬೂದಿ ಮಾಡುತ್ತದೆ. ಬಿಳಿಯದು ಹೆಚ್ಚಿದ್ದರೆ ಬೆಳಕಿನ ಪಟ್ಟಿಯನ್ನು ಕೂಡಿಸುವ ಕಡೆಗೆ, ಕರಿಯದು ಹೆಚ್ಚಿದ್ದರೆ ಕಳೆಯುವ ಕಡೆಗೆ ಸರಿಸಬೇಕು. ಈಗಿನ ಫೋನಿನಲ್ಲಿ ಪರದೆ ಮುಟ್ಟಿದರೆ ಬರುವ ಸೂರ್ಯನ ಚಿಹ್ನೆ ಮಾಡುವುದೂ ಅದನ್ನೇ.

ಆದರೆ ದೊಡ್ಡ ತಪ್ಪು ಬೆಳಕಿನದಾಗಿರಲಿಲ್ಲ.

ಒಬ್ಬ ರೈತರು ತಮ್ಮ ಕಡಲೆ ಹೊಲದ ಫೋಟೋ ಕೇಳಿದರು. ಪ್ರಿಂಟ್ ಹಾಕಿಸಿ ಕೊಟ್ಟೆವು. ಉಪಯೋಗಕ್ಕೆ ಬರಲಿ ಎಂದು ಫೋಟೋದ ಮೂಲೆಯಲ್ಲಿ ತಾರೀಖು ಮೂಡುವ ಸೌಕರ್ಯ ಹಾಕಿಟ್ಟಿದ್ದೆವು. ಅವರು ಅದನ್ನು ಹಿಡಿದು ಒಂದು ಕಚೇರಿಗೆ ಹೋದರು. ಅಲ್ಲಿದ್ದವರು ಫೋಟೋ ನೋಡಿ, ಮೂಲೆ ನೋಡಿ, ವಾಪಸ್ ಕೊಟ್ಟರು. ಮೂಲೆಯಲ್ಲಿ ಕೇಸರಿ ಅಕ್ಷರದಲ್ಲಿ '01/01/2010' ಎಂದಿತ್ತು.

ಸೆಲ್ ಹಾಳಾಗಬಾರದೆಂದು ಜನವರಿಯಲ್ಲಿ ಅವನ್ನು ಹೊರಗೆ ತೆಗೆದಿಟ್ಟಿದ್ದೆವು. ಮೂರು ನಾಲ್ಕು ವಾರ ಸೆಲ್ ಇಲ್ಲದಿದ್ದರೆ ಅಂಥ ಕ್ಯಾಮೆರಾದ ಒಳಗಿನ ಗಡಿಯಾರ ನಿಂತು ಹೋಗುತ್ತದೆ. ಮತ್ತೆ ಸೆಲ್ ಹಾಕಿದಾಗ ತಾರೀಖು ಕೇಳುತ್ತದೆ. ಕೇಳಿತ್ತು. ಆಮೇಲೆ ಮಾಡಿದರಾಯಿತು ಎಂದು ದಾಟಿಸಿ ಮುಂದೆ ಹೋಗಿದ್ದೆವು.

ಆ ರೈತರು ಹೊಲ ಖಾಲಿ ಮಾಡಿ ಹೊಟ್ಟನ್ನು ದನಕ್ಕೆ ಹಾಕಿಬಿಟ್ಟಿದ್ದರು. ಆಲಿಕಲ್ಲು ಕರಗಿತ್ತು. ಉಳಿದ ಸಾಕ್ಷಿ ನಮ್ಮ ಫೋಟೋ ಒಂದೇ. ಅದು ನಾಲ್ಕು ವರ್ಷ ಹಿಂದಿನದು ಎಂದು ತಾನೇ ಹೇಳುತ್ತಿತ್ತು. ಅವರು ನಮಗೆ ಒಂದು ಮಾತೂ ಅನ್ನಲಿಲ್ಲ. "ನಿಮ್ಮ ಮಿಷಿನ್ ಸುಳ್ಳ ಹೇಳ್ತದ ನೋಡ್ರಿ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ಅದೇ ಆಲಿಕಲ್ಲಿನ ವಾರ ಗೋರ್ಟಾಕ್ಕೂ ಹೋಗಲೇಬೇಕಾಯಿತು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆಯಿ ಕಟ್ಟೆಯ ಮೇಲೆ ಕೂತಿದ್ದರು. ದನಿ ಕೇಳಿಯೇ ಗುರುತು ಹಿಡಿದರು.

"ನನ್ನ ಫೋಟೋ ತಂದೀರೇನು?"

ಕಾರ್ಡ್, ಫಾರ್ಮ್ಯಾಟ್ ಎಂದರೆ ಅವರಿಗೆ ಏನು ಹೇಳುವುದು? "ನಮ್ಮ ಕೈತಪ್ಪಿನಿಂದ ಅಳಿಸಿ ಹೋಯ್ತು ಆಯಿ" ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹೋಯ್ತಾ? ಹೋಗ್ಲಿ ಬಿಡ್ರಿ. ನಾ ಇನ್ನಾ ಇದ್ದೀನಲ್ಲ. ಮತ್ತ ತೆಗೀರಿ."

ಎದ್ದು ಗೋಡೆ ಹಿಡಿದು ಒಳಗೆ ಹೋಗಿ, ಬೇಳೆ ಹಸನ ಮಾಡುವ ಜಾಗದಲ್ಲೇ ಕೂತರು. ಈ ಸಲ ಪೊರೆ ಎರಡೂ ಕಣ್ಣಿಗೆ ಬಂದಿತ್ತು. ಬೆಳಕು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಅತ್ತಲೇ ಮುಖ ಮಾಡಿದರು. ನಾವು ಐದಾರು ತೆಗೆದೆವು. ಅಲ್ಲಿಂದ ಬೇರೆ ಯಾವ ಸುದ್ದಿಗೂ ನಿಲ್ಲದೆ ನೇರ ಬಸವಕಲ್ಯಾಣಕ್ಕೆ ಹೋಗಿ ಪ್ರಿಂಟ್ ಹಾಕಿಸಿದೆವು. ಸ್ಟುಡಿಯೋದಲ್ಲಿ ಪ್ರಿಂಟ್ ಕೈಗೆ ಬಂದಾಗ ಮೂಲೆಯಲ್ಲಿ ಅದೇ ಕೇಸರಿ ಅಕ್ಷರ, 2010. ಕತ್ತರಿಯಿಂದ ಆ ಪಟ್ಟಿ ಕತ್ತರಿಸಿ ತೆಗೆದೆವು. ಅದೇ ಸಂಜೆ ಬಸ್ಸಿಗೆ ವಾಪಸ್ ಗೋರ್ಟಾಕ್ಕೆ.

ಆಯಿ ಫೋಟೋವನ್ನು ಬೆರಳಿನಿಂದ ಸವರಿದರು. ಮೊಮ್ಮಗಳನ್ನು ಕರೆದು, "ನಾನೇ ಏನ ನೋಡು" ಎಂದರು. ಅವಳು ಹೌದು ಎಂದ ಮೇಲೆ ನಮ್ಮ ಕೈಗೆ ಕೊಟ್ಟರು.

"ಹಿಂದ ನನ್ನ ಹೆಸರ ಬರೀರಿ. ಅದರ ಬುಡಕ ನಮ್ಮ ಅಣ್ಣಂದೂ ಬರೀರಿ."

ಬರೆದೆವು. ಆಯಿಯ ಹೆಸರು, ಊರು, ಆ ದಿನದ ತಾರೀಖು. ಕೆಳಗೆ ಅವರ ಅಣ್ಣನ ಹೆಸರು, ಅದರ ಮುಂದೆ 9-5-1948. ಆ ಹುಡುಗನ ಹೆಸರು ಯಾವುದಾದರೂ ಫೋಟೋದ ಮೇಲೆ ಬರೆದದ್ದು ಅದೇ ಮೊದಲು ಇರಬೇಕು. ಮುಂದಿನ ಬದಿಯಲ್ಲಿ ತಂಗಿಯ ಮುಖ, ಹಿಂದಿನ ಬದಿಯಲ್ಲಿ ಅಣ್ಣನ ಹೆಸರು.

2016ರಲ್ಲಿ ಆಯಿ ತೀರಿಕೊಂಡರು. ಮನೆಯವರು ಅದೇ ಫೋಟೋವನ್ನು ದೊಡ್ಡದು ಮಾಡಿಸಿ ಹಾರ ಹಾಕಿದರು. ದೊಡ್ಡದು ಮಾಡಿಸಲು ನಮ್ಮ ಹತ್ತಿರ ಮೂಲ ಚಿತ್ರ ಇತ್ತು. ಈ ಸಲ ಕಾರ್ಡಿನಲ್ಲಿ ಒಂದು, ಸಿಡಿಯಲ್ಲಿ ಒಂದು, ಮೇಲ್‌ನಲ್ಲಿ ಒಂದು ಇಟ್ಟಿದ್ದೆವು. ಮೊದಲಿನ ಸಣ್ಣ ಫೋಟೋವನ್ನು ಮೊಮ್ಮಗಳು ಪುಸ್ತಕದ ನಡುವೆ ಇಟ್ಟುಕೊಂಡಿದ್ದಾಳೆ, ಹಿಂಬದಿಯ ಅಕ್ಷರಕ್ಕಾಗಿ.

2023ರ ಮಾರ್ಚ್ 26ರಂದು ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. ಕೇಂದ್ರ ಗೃಹ ಸಚಿವ ಅಮಿತ್ ಶಾ ಬಂದಿದ್ದರು. 103 ಅಡಿ ಎತ್ತರದ ಕಂಬದ ಮೇಲೆ ತ್ರಿವರ್ಣ ಧ್ವಜ ಏರಿತು. ಟಿವಿ ಕ್ಯಾಮೆರಾ ಸಾಲು ನಿಂತಿದ್ದವು. ಅದಕ್ಕಿಂತ ಹೆಚ್ಚು ಜನರ ಕೈಯಲ್ಲಿ ಮೇಲೆತ್ತಿದ ಫೋನುಗಳಿದ್ದವು. ಒಂದು ಕಾಲಕ್ಕೆ ಒಂದೇ ಒಂದು ಕ್ಯಾಮೆರಾ ಇಲ್ಲದ ನೆಲದಲ್ಲಿ ಅಂದು ಸಾವಿರ ಕ್ಯಾಮೆರಾ. ಆದರೆ ಆ ದಿನ ಕಂಡವರ ಮುಖ ಹಿಡಿಯೋಣವೆಂದರೆ ಅವರಲ್ಲಿ ಎಷ್ಟು ಜನ ಉಳಿದಿದ್ದರು? ನಾವು ಪಟ್ಟಿ ಮಾಡಿಕೊಂಡಿದ್ದ ಮನೆಗಳಲ್ಲಿ ಹೆಚ್ಚಿನವರು ಆಗಲೇ ಗೋಡೆಯ ಮೇಲಿದ್ದರು. ಕೆಲವರ ಮನೆಗೆ ನಾವು ಹೋಗಿಯೇ ಇರಲಿಲ್ಲ. "ಮುಂದಿನ ವಾರ" ಎಂದ ಹತ್ತು ತಿಂಗಳ ಲೆಕ್ಕ ಅಲ್ಲಿ ಕಾಣುತ್ತಿತ್ತು.

ನಮ್ಮ ಹಳೆ ಕ್ಯಾಮೆರಾ ಈಗ ಹುಮನಾಬಾದಿನ ಮನೆಯ ಟ್ರಂಕಿನಲ್ಲಿದೆ, ಲೆನ್ಸ್ ಹೊರಗೆ ಬರುವುದಿಲ್ಲ. ನಿಮ್ಮಲ್ಲಿ ಹೆಚ್ಚಿನವರ ಮೊದಲ ಡಿಜಿಟಲ್ ಕ್ಯಾಮೆರಾ ಈಗ ಇದನ್ನು ಓದುತ್ತಿರುವ ಫೋನೇ. ಯಾರಾದರೂ ಹೊಸ ಹುಡುಗರು ನಮ್ಮ ಬಳಿ ಬಂದು ಯಾವ ಕ್ಯಾಮೆರಾ ಕೊಳ್ಳಲಿ, ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದರೆ ನಾವು ಹೇಳುವುದು ಇಷ್ಟೇ:

ಕೈಗೆ ಬಂದ ದಿನ ಮೊದಲು ತಾರೀಖು ಮತ್ತು ವೇಳೆ ಸರಿ ಮಾಡಿ. ಸೆಲ್ ಅಥವಾ ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ಮತ್ತೆ ನೋಡಿ. ಫೋನಿನಲ್ಲಿ ತಾರೀಖು ನೆಟ್‌ವರ್ಕ್‌ನಿಂದ ತಾನೇ ಸರಿಯಾಗುತ್ತದೆ, ಅದನ್ನು ಕೈಯಿಂದ ಬದಲಿಸಬೇಡಿ.

ಲೆನ್ಸನ್ನು ಧೋತರದ ಚುಂಗಿನಿಂದ ಉಜ್ಜಬೇಡಿ. ನಮ್ಮ ಕಡೆಯ ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ, ಗೀರು ಬೀಳುತ್ತದೆ. ಮೊದಲು ಊದಿ ಧೂಳು ಹಾರಿಸಿ, ಆಮೇಲೆ ತೊಳೆದ ಮೆತ್ತನೆ ಬಟ್ಟೆಯಿಂದ ಒರೆಸಿ.

ಮುಖ ಬೆಳಕಿನ ಕಡೆ, ಬೆನ್ನು ಗೋಡೆಯ ಕಡೆ. ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಬೇಡಿ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಪಡಸಾಲೆ, ಬೇವಿನ ನೆರಳು, ಕಟ್ಟೆ ಒಳ್ಳೆಯದು. ಬೇಳೆ ಹಸನ ಮಾಡುವ ಜಾಗ ಎಲ್ಲಕ್ಕಿಂತ ಒಳ್ಳೆಯದು.

ಕೇಳಿ ತೆಗೆಯಿರಿ. ಬೇಡ ಎಂದರೆ ಕೆಳಗಿಳಿಸಿ. ತೆಗೆದ ಮೇಲೆ ಅವರಿಗೆ ತೋರಿಸಿ.

ಹೆಸರು ಬರೆದುಕೊಳ್ಳಿ. ಗುಂಪಿನ ಫೋಟೋ ಆದರೆ ಎಡದಿಂದ ಬಲಕ್ಕೆ, ಅಲ್ಲೇ ನಿಂತು. ಮನೆಗೆ ಹೋಗಿ ಬರೆಯುತ್ತೇವೆ ಎಂದರೆ ಎರಡನೆಯ ಸಾಲಿನ ಮೂರನೆಯವರು ಯಾರೆಂದು ಎಂದಿಗೂ ನೆನಪಾಗುವುದಿಲ್ಲ.

ಎರಡು ಕಡೆ ಇಳಿಸುವವರೆಗೆ ಯಾವುದನ್ನೂ ಅಳಿಸಬೇಡಿ. ಇಬ್ಬರು ಸೇರಿ ಒಂದು ಕ್ಯಾಮೆರಾ ಕೊಂಡರೆ ಕಾರ್ಡ್ ಬೇರೆ ಬೇರೆ ಇಟ್ಟುಕೊಳ್ಳಿ.

ಬೆಳೆ ಹಾನಿಯ ಫೋಟೋ ಆದರೆ ಒಂದು ಹತ್ತಿರದಿಂದ, ಒಂದು ಹೊಲದ ಗುರುತು ಕಾಣುವ ಹಾಗೆ ದೂರದಿಂದ, ಎರಡೂ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ, ಒಳಗಿರುವ ತಾರೀಖು ಮತ್ತು ಸ್ಥಳದ ವಿವರ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ಹೋಗುತ್ತದೆ. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಫೋಟೋ ತೆಗೆದು ಸುಮ್ಮನೆ ಇಟ್ಟುಕೊಂಡರೆ ಪ್ರಯೋಜನ ಇಲ್ಲ.

ಕೊನೆಯದು, ಫೋಟೋ ಕೊಡುತ್ತೇನೆ ಎಂದು ಮಾತು ಕೊಟ್ಟರೆ ಕೊಟ್ಟು ಬನ್ನಿ. ಕಾಗದದ ಮೇಲೆ. ಒಂದು ಪ್ರಿಂಟ್‌ಗೆ ಒಂದು ಚಹಾ-ಭಜಿಯಷ್ಟು ಖರ್ಚು.

ಈ ಭಾನುವಾರ ಹೊಲದ ಕೆಲಸ ಇಲ್ಲದಿದ್ದರೆ ನಿಮ್ಮ ಮನೆಯ ಮುತ್ಯಾನನ್ನೋ ಆಯಿಯನ್ನೋ ಪಡಸಾಲೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂರಿಸಿ. ನೀವು ಅಂಗಳಕ್ಕೆ ಇಳಿಯಿರಿ. ತೆಗೆದ ಮೇಲೆ ಅವರ ಪಕ್ಕ ಕೂತು, ಫೋಟೋ ಇಲ್ಲದೆ ಹೋದ ಅವರ ಅಣ್ಣತಮ್ಮಂದಿರ, ಅಕ್ಕತಂಗಿಯರ ಹೆಸರು ಕೇಳಿ. ಪ್ರಿಂಟ್ ಬಂದ ದಿನ ಅದರ ಹಿಂದೆ ಬರೆಯಲು ಬೇಕಾಗುತ್ತದೆ.